ಬೇಡಪ್ಪನ ಕವರಿಂಗ್ ಲೆಟರ್

ನನ್ನ ಗಂಡನಿಗೆ ಅಂಗಡಿಯಲ್ಲಿ ಬಿದ್ದ ಅಡ್ಡಹೆಸರು ಬೇಡಪ್ಪ. ಶೂ ಅಂಗಡಿಯ ಸೇಲ್ಸ್‌ಮನ್ ಕೆಲಸದಲ್ಲೇ ತಲೆ ನರೆಸಿಕೊಂಡ ಈ ಮನುಷ್ಯ ಗಿರಾಕಿ ಯಾವುದಾದರೂ ಜೋಡಿ ಎತ್ತಿಕೊಂಡರೆ ಹೇಳುತ್ತಿದ್ದ ಮೊದಲ ಮಾತೇ “ಬೇಡಪ್ಪ, ಇದು ನಿನ್ನ ಕಾಲಿಗೆ ಬೇಡ” ಎಂದು. ಹೆಂಗಸರಾದರೆ ಬೇಡಮ್ಮ. ಮಾಲೀಕ ಮೊದಮೊದಲು ಹಲ್ಲು ಕಡಿಯುತ್ತಿದ್ದನಂತೆ. ಬಾಗಿಲಿಗೆ ಬಂದ ವ್ಯಾಪಾರವನ್ನು ವಾಪಸ್ ಕಳಿಸುವವನನ್ನು ಯಾರು ತಾನೇ ಮುದ್ದು ಮಾಡುತ್ತಾರೆ? ಆದರೆ ಬೇಡ ಅನ್ನಿಸಿಕೊಂಡು ಹೋದವರೇ ಮುಂದಿನ ಸಲ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದು “ಬೇಡಪ್ಪ ಇದ್ದಾರಾ?” ಎಂದು ಕೇಳತೊಡಗಿದ ಮೇಲೆ ಅವನೂ ಬಾಯಿ ಮುಚ್ಚಿಕೊಂಡ.

ಆ ಮಾಲೀಕ ಹೋದ, ಅವನ ಮಗ ಬಂದ. ಶೂ ಅಂಗಡಿ ಹೋಗಿ ಮೊಬೈಲ್ ಅಂಗಡಿ ಆಯಿತು. ಇವರು ಮನೆಗೆ ಬಂದು, ನಾನು ಪ್ಯಾಂಟಿನ ಜಿಪ್ ಬದಲಾಯಿಸುವ ಹೊಲಿಗೆ ಮೆಷಿನ್ನಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಗಂಡಸು ಹಗಲೆಲ್ಲ ಮನೆಯಲ್ಲಿ ಕೂತರೆ ಹೆಂಗಸಿನ ತಲೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲೂ ನನಗೆ ಕೋಪ ಮೂಗಿನ ತುದಿಯಲ್ಲೇ.

ಸುಮ್ಮನೇನೂ ಕೂತಿರಲಿಲ್ಲ, ಪಾಪ. ಮೊಬೈಲಿನಲ್ಲಿ ಎಲ್ಲೋ ಸಿಕ್ಕಿದ ಪತ್ರವೊಂದನ್ನು ನಕಲು ಮಾಡಿ ಸಿಕ್ಕಸಿಕ್ಕ ಕಡೆಗೆಲ್ಲ ಕಳಿಸಿದ್ದರು. ಒಂದು ದಿನ ಇಸಿದುಕೊಂಡು ಓದಿದೆ. “ನಾನು ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಂದಿಗೆ ಹೊಂದಿಕೊಳ್ಳುವ ಸ್ವಭಾವದವನು.”

“ರೀ, ಇದರ ಕೆಳಗೆ ಎದುರುಮನೆ ನಾಯಿ ಹೆಸರು ಬರೆದ್ರೂ ನಡೆಯುತ್ತೆ,” ಎಂದೆ. “ಅದೂ ಪ್ರಾಮಾಣಿಕ, ಅದೂ ಹೊಂದ್ಕೊಳ್ಳುತ್ತೆ. ನಿಮ್ಮ ವಿಷಯ ಎಲ್ಲಿದೆ ಇದರಲ್ಲಿ?”

“ನನ್ನ ವಿಷಯ ಏನಿದೆ ಬರೆಯೋಕೆ?” ಎಂದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನನ್ನ ಮನೆಯಲ್ಲಿ ಆ ಬಾಯಿ ನನ್ನ ಪಾಲಿಗೆ ಬಂದಿದೆ, ಇವರ ಪಾಲಿಗೆ ಬರೀ ಕೈ.

ಅಷ್ಟರಲ್ಲಿ ಪೇಪರಿನಲ್ಲಿ ಒಂದು ಜಾಹೀರಾತು ಬಂತು. ಸಕ್ಕರೆ ಕಾಯಿಲೆಯವರ ಆಸ್ಪತ್ರೆಯೊಂದರ ಪಾದ ವಿಭಾಗಕ್ಕೆ, ರೋಗಿಗಳ ಕಾಲಿನ ಅಳತೆ ತೆಗೆದು ಅವರಿಗೆಂದೇ ಮಾಡಿಸಿದ ಪಾದರಕ್ಷೆ ತೊಡಿಸಿ ನೋಡಲು ಒಬ್ಬ ಸಹಾಯಕ ಬೇಕಾಗಿದ್ದ. ಡಿಪ್ಲೊಮಾ ಆಗಿರಬೇಕು, ಇಲ್ಲವೇ ತಕ್ಕ ಅನುಭವ ಇರಬೇಕು, ಅರ್ಜಿಯ ಜೊತೆ ಒಂದು ಪುಟದ ಕವರಿಂಗ್ ಲೆಟರ್ ಇರಲೇಬೇಕು. ಬೇರೆ ಜಾಹೀರಾತನ್ನೆಲ್ಲ ಓದಿ ಮಡಿಸಿಡುತ್ತಿದ್ದವರು ಇದನ್ನು ಮಾತ್ರ ಕತ್ತರಿಸಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರು.

“ಇದೊಂದು ಆಗ್ಬೇಕು ಕಣೇ,” ಎಂದರು. ಮದುವೆಯಾದಾಗಿನಿಂದ ಇವರು ಏನನ್ನಾದರೂ ಹೀಗೆ ಬೇಕು ಎಂದಿದ್ದು ನಾನು ಕೇಳಿರಲಿಲ್ಲ.

ಅದೇ ವಾರ ನನ್ನ ಅಕ್ಕನ ಗಂಡ, ನಿವೃತ್ತ ಹೆಡ್ ಕ್ಲರ್ಕ್ ಭಾವ, ತಮ್ಮ ಪರಿಚಯದ ಪೀಠೋಪಕರಣದ ಅಂಗಡಿಯಲ್ಲಿ ಬಾಗಿಲು ಕಾಯುವ ಕೆಲಸ ಹುಡುಕಿಕೊಟ್ಟಿದ್ದರು. ಬಂದವರಿಗೆ ಬಾಗಿಲು ತೆರೆಯುವುದು, ಹೋಗುವವರಿಗೆ ಬಾಗಿಲು ತೆರೆಯುವುದು. ತಿಂಗಳ ಕೊನೆಗೆ ಒಪ್ಪಿಗೆ ಹೇಳಬೇಕಿತ್ತು. ಆಸ್ಪತ್ರೆಯವರು ಅಷ್ಟರೊಳಗೆ ಕರೆಯದಿದ್ದರೆ ಬಾಗಿಲೇ ಗತಿ ಎಂದು ಇವರೂ ಒಪ್ಪಿಕೊಂಡಿದ್ದರು.

ಭಾವನದು ಒಳ್ಳೆಯ ಮನಸ್ಸೇ. ಕವರಿಂಗ್ ಲೆಟರ್ ಸಂಗತಿ ಕಿವಿಗೆ ಬಿದ್ದದ್ದೇ ತಡ, ತಾವೇ ಬರೆದು ತಂದರು. “ಮಹನೀಯರ ಪಾದಗಳಲ್ಲಿ ಇಬ್ಬರು ಮಕ್ಕಳ ಬಡ ತಂದೆಯಾದ ನಾನು ಸವಿನಯವಾಗಿ ಬೇಡಿಕೊಳ್ಳುವುದೇನೆಂದರೆ…”

“ಭಾವ, ನಮಗೆ ಒಬ್ಬಳೇ ಮಗಳು. ಅವಳೂ ದುಡೀತಿದ್ದಾಳೆ,” ಎಂದೆ.

“ಇಬ್ರು ಅಂತಿದ್ರೆ ಕನಿಕರ ಜಾಸ್ತಿಯಮ್ಮ. ಇವರು ಡಿಪ್ಲೊಮಾ ಓದ್ತಾ ಇದ್ದಾರೆ ಅಂತಲೂ ಸೇರಿಸಿದ್ದೀನಿ. ಯಾರು ಬಗೆದು ನೋಡ್ತಾರೆ?”

ನನಗೆ ಉರಿದು ಹೋಯಿತು. “ಕೆಲಸ ಕೇಳ್ತಿದ್ದೀವೋ, ಭಿಕ್ಷೆ ಕೇಳ್ತಿದ್ದೀವೋ? ಅತಿ ವಿನಯಂ ಧೂರ್ತ ಲಕ್ಷಣಂ ಅಂತ ನೀವೇ ಹೇಳ್ತಿದ್ರಲ್ಲ ಭಾವ!”

ಭಾವ ಇವರ ಮುಖ ನೋಡಿದರು. ಇವರು ಮೆತ್ತಗೆ, “ಬೇಡಣ್ಣ,” ಎಂದರು. ಅಷ್ಟೇ. ಭಾವ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಸಂಜೆ ಅಕ್ಕ ಫೋನ್ ಮಾಡಿ ನನಗೆ ಚೆನ್ನಾಗಿ ಮಂಗಳಾರತಿ ಎತ್ತಿದಳು, ಎತ್ತಿಸಿಕೊಂಡೆ.

ಮಾರನೆಯ ದಿನ ಮೆಷಿನ್ನಿಗೆ ಮುಸುಕು ಹಾಕಿ, ಕುರ್ಚಿಯಲ್ಲಿ ನಾನು ಕೂತೆ. ತೊಡೆಯ ಮೇಲೆ ಕಾಗದ, ಕೈಯಲ್ಲಿ ಪೆನ್ನು.

“ಈಗ ನಾನೇ ಆಸ್ಪತ್ರೆ. ನಿಮ್ಮನ್ನ ನೀವು ನನಗೆ ಮಾರಿ ನೋಡೋಣ.”

“ಮಾರೋಕೆ ನಾನೇನು ಬೂಟೇನೇ?”

“ಬೂಟು ಅಂತಲೇ ತಿಳ್ಕೊಳ್ಳಿ. ಗಿರಾಕಿ ಬಂದು ಕೂತ ತಕ್ಷಣ ಏನಂತಿದ್ರಿ?”

ಇವರು ಅಭ್ಯಾಸಬಲದಿಂದ ಬಚ್ಚಲುಮನೆಯ ಗಿಡ್ಡ ಸ್ಟೂಲ್ ತಂದು ನನ್ನ ಮುಂದೆ ಕೂತರು. ಕೂತದ್ದೇ ಮನುಷ್ಯ ಬೇರೆಯಾದರು. ಬೆನ್ನು ನೆಟ್ಟಗಾಯಿತು, ಕಣ್ಣು ಚುರುಕಾಯಿತು. “ಬೂಟಿನ ಮಾತೇ ಎತ್ತುತ್ತಿರಲಿಲ್ಲ. ಕಾಲಲ್ಲಿರೋದನ್ನ ಬಿಚ್ಚಿ ಅಂತಿದ್ದೆ. ಎಲ್ಲಿ ಸವೆದಿದೆ, ಎಲ್ಲಿ ಒತ್ತುತ್ತಿದೆ ನೋಡಿ, ಆಮೇಲೆ ಮಾತು.”

“ಹಾಗಾದ್ರೆ ನಮ್ಮ ಪುರಾಣ ಆಮೇಲೆ. ಆಸ್ಪತ್ರೆಯವರಿಗೆ ಎಲ್ಲಿ ಒತ್ತುತ್ತಿದೆ ಹೇಳಿ.”

ಜೇಬಿನಿಂದ ಜಾಹೀರಾತು ತೆಗೆದು ಇನ್ನೊಮ್ಮೆ ಓದಿದರು. “ಮಾಡಿ ಕೊಡೋರು ಅವರಲ್ಲಿ ಇದ್ದಾರೆ. ತೊಡಿಸಿ ನೋಡೋರು ಬೇಕಂತೆ. ಅಂದ್ರೆ ಜನ ಹಾಕ್ಕೊಳ್ತಿಲ್ಲ. ನೋಡೋಕೆ ಚೆನ್ನಾಗಿಲ್ಲ ಅಂತಲೋ, ಭಾರ ಅಂತಲೋ ಮಂಚದ ಕೆಳಗೆ ತಳ್ತಿದ್ದಾರೆ. ಅಂಥವರನ್ನ ಒಪ್ಪಿಸೋದು ನನಗೆ ಗೊತ್ತು.”

ಪೆನ್ನು ಓಡಿತು. “ನಿಮ್ಮಲ್ಲಿ ಮಾಡಿದ ಪಾದರಕ್ಷೆಯನ್ನು ರೋಗಿಗಳು ಮನೆಗೆ ಹೋದ ಮೇಲೂ ಬಿಡದೆ ಹಾಕಿಕೊಳ್ಳುವಂತೆ ಮಾಡುವುದು ನನಗೆ ಬರುತ್ತದೆ.” ಇದೇ ಮೊದಲ ಸಾಲು.

“ಸ್ವಲ್ಪ ಜಂಬ ಆಗ್ಲಿಲ್ವಾ?”

“ಬರುತ್ತೋ ಇಲ್ವೋ?”

“ಬರುತ್ತೆ.”

“ಮತ್ತೆ ಸುಮ್ಮನಿರಿ.”

ಡಿಪ್ಲೊಮಾ ಇಲ್ಲದ್ದನ್ನು ಕೊನೆಯಲ್ಲಿ ಎಲ್ಲಾದರೂ ತುರುಕೋಣ ಎಂದು ನಾನಿದ್ದೆ. ಇವರು ಒಪ್ಪಲಿಲ್ಲ. “ಎಲ್ಲಿ ಕಚ್ಚುತ್ತೆ ಅನ್ನೋದನ್ನ ಅಂಗಡೀಲೇ ಹೇಳ್ಬಿಡ್ಬೇಕು. ಮನೆಗೆ ಹೋದ ಮೇಲೆ ಕಚ್ಚಿದ್ರೆ ಗಿರಾಕಿ ಮತ್ತೆ ಬರಲ್ಲ.” ಹಾಗಾಗಿ ಎರಡನೆಯ ಸಾಲು, “ನನಗೆ ಡಿಪ್ಲೊಮಾ ಆಗಿಲ್ಲ, ಕಲಿಸಿದರೆ ಕಲಿಯುತ್ತೇನೆ” ಎಂದಾಯಿತು. ಅದನ್ನು ಬರೆದ ಮೇಲೆ ನನಗೇ ಧೈರ್ಯ ಬಂತು.

“ಈಗ ಒಂದು ಉದಾಹರಣೆ ಬೇಕು. ಕಣ್ಣಿಗೆ ಕಟ್ಟೋ ಹಾಗಿರೋದು,” ಎಂದೆ.

ಇವರ ಕಾಟಕ್ಕೆ ಮನೆಯೊಳಗೂ ಹಾಕಿಕೊಳ್ಳುತ್ತಿದ್ದ ನನ್ನ ಎಡಗಾಲಿನ ಚಪ್ಪಲಿಯನ್ನು ಇವರು ಬಿಚ್ಚಿಕೊಂಡರು. ಒಳ ಅಟ್ಟೆಯ ಅಂಚನ್ನು ಉಗುರಿನಿಂದ ಮೀಟಿ ಎತ್ತಿದರು. ಕಿರುಬೆರಳಿನ ಬುಡಕ್ಕೆ ಸರಿಯಾಗಿ ಕೆಳಗೆ ಸ್ವಲ್ಪ ಕೆತ್ತಿ, ತೆಳ್ಳನೆಯ ಸ್ಪಂಜು ಅಂಟಿಸಿದ್ದರು. ನಾನು ಹೌಹಾರಿದೆ. ಈ ಜೋಡಿ ಒಂದು ದಿನವೂ ಕಚ್ಚಿಲ್ಲ ಎಂದು ಪಕ್ಕದ ಮನೆಯವಳ ಮುಂದೆ ಕಂಪನಿಯನ್ನು ಹಾಡಿ ಹೊಗಳಿದ್ದವಳು ನಾನು!

“ಹೇಳ್ಬಾರದಿತ್ತಾ?”

“ಹೇಳಿದ್ರೆ, ನನ್ನ ಕಾಲಿಗೇನು ಧಾಡಿ ಅಂತ ಕಿತ್ತು ಬಿಸಾಡ್ತಿದ್ದೆ ನೀನು.”

ಸುಳ್ಳಲ್ಲ. ಸಕ್ಕರೆ ಕಾಯಿಲೆ ನನಗೂ ಇದೆ. ನೆನಪಾದರೆ ಮಾತ್ರೆ ನುಂಗುತ್ತೇನೆ. ಒಂದು ಸಲ ಕಾಲು ತೋರಿಸೋಣ ಬಾ ಎಂದು ಇವರು ಎಷ್ಟೋ ಸಲ ಕರೆದದ್ದುಂಟು, ಗುಂಡುಕಲ್ಲಿನ ಹಾಗಿದ್ದೀನಿ ಎಂದು ನಾನು ಎಗರಿ ಬಿದ್ದದ್ದೂ ಉಂಟು.

ಮನೆ ವಿಷಯ ಆಫೀಸಿಗೆ ಬೇಡ ಎಂದು ಇವರು ಗೋಗರೆದರೂ ಕೇಳದೆ ಚಪ್ಪಲಿಯ ಕತೆಯನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಇನ್ನುಳಿದದ್ದು ಒಂದೇ. ಈ ಕೆಲಸವೇ ಯಾಕೆ ಬೇಕು? ಅದನ್ನು ಕೇಳಿದಾಗ ಮಾತ್ರ ಇವರು ಚಪ್ಪಲಿಯನ್ನು ನನ್ನ ಕಾಲಿಗೆ ಹಾಕುವುದರಲ್ಲಿ ಮಗ್ನರಾದರು.

“ನೇರ ಬಸ್ಸಿದೆ ಅಂತ ಬರಿ,” ಎಂದರು ತಲೆ ಎತ್ತದೆ.

ನಾನು ನಕ್ಕು ಅದನ್ನೇ ಬರೆದೆ. ಕೊನೆಗೆ “ಒಂದು ದಿನ ಕರೆದು ಕೆಲಸ ಕೊಟ್ಟು ನೋಡಿ” ಎಂದು ಸೇರಿಸಿ, ಇವರಿಂದ ಸಹಿ ಹಾಕಿಸಿದೆ. ಒಂದು ಪುಟಕ್ಕೆ ಸರಿಹೋಯಿತು. ಅಂಚೆಗೆ ಹಾಕಿ ಬಂದಾಗ, ಈ ಕಾಗದ ಓದಿ ಕರೆಯದವರಿಗೆ ಬುದ್ಧಿಯಿಲ್ಲ ಎಂದೇ ನಾನು ನಂಬಿದ್ದೆ.

ಬುದ್ಧಿಯಿತ್ತು. ತಿಂಗಳು ಮುಗಿಯುವ ಮೊದಲೇ ಫೋನ್ ಬಂತು. ಬರುವಾಗ ಹೆಂಡತಿಯನ್ನೂ ಕರೆತನ್ನಿ, ಆ ಚಪ್ಪಲಿಯನ್ನೇ ಹಾಕಿಕೊಂಡು ಬರಲಿ ಎಂದರಂತೆ. ನಾನು ಹೋಗಿದ್ದು ಪ್ರದರ್ಶನದ ವಸ್ತುವಿನ ಹಾಗೆ, ತಲೆ ಬಾಚಿಕೊಂಡು.

ಪಾದ ವಿಭಾಗ ಎಂದರೆ ಉದ್ದನೆಯ ಒಂದು ಕೋಣೆ. ಗೋಡೆಯ ಹಲಗೆಗಳ ಮೇಲೆ ಪ್ಲಾಸ್ಟರಿನ ಪಾದಗಳು ಸಾಲಾಗಿ ಕೂತಿದ್ದವು, ರಬ್ಬರ್ ಅಂಟಿನ ವಾಸನೆ ಗಮ್ಮೆನ್ನುತ್ತಿತ್ತು. ಡಾಕ್ಟರಮ್ಮ ನನ್ನ ಚಪ್ಪಲಿಯ ಒಳ ಅಟ್ಟೆ ಎತ್ತಿ, ಬೆಳಕಿಗೆ ಹಿಡಿದು, ಸ್ಪಂಜನ್ನು ಬೆರಳಿಂದ ಒತ್ತಿ ನೋಡಿದರು. ಆಮೇಲೆ ಮೀನು ಗಾಳದ ದಾರದಂಥ ಒಂದು ಎಳೆ ತೆಗೆದುಕೊಂಡು, “ಕಣ್ಣು ಮುಚ್ಚಿಕೊಳ್ಳಿ. ಪಾದಕ್ಕೆ ತಾಗಿದಾಗ ಹೂಂ ಅನ್ನಿ,” ಎಂದರು.

ಬಲಗಾಲಿನದು ಮುಗಿಯಿತು, ಎಲ್ಲದಕ್ಕೂ ಹೂಂ ಎಂದೆ. ಎಡಗಾಲಿಗೆ ಕಾಯುತ್ತಾ ಕೂತೆ. ಸಾಕಷ್ಟು ಹೊತ್ತಾಯಿತು.

“ಶುರು ಮಾಡಿ ಮೇಡಂ,” ಎಂದೆ.

“ಮುಗೀತಮ್ಮ,” ಎಂದರು.

ಕಣ್ಣು ಬಿಟ್ಟೆ. ಇವರ ಕಡೆ ನೋಡಿದರೆ, ಇವರು ಮುಖ ತಗ್ಗಿಸಿದ್ದರು.

“ಹೆದರ್ಬೇಡಿ. ಈ ಕಾಲಲ್ಲಿ ಸ್ಪರ್ಶ ಕಡಿಮೆಯಾಗಿದೆ, ಕಿರುಬೆರಳಿನ ಹತ್ತಿರ ಒತ್ತಡ ಬೀಳ್ತಿದೆ, ಆದ್ರೆ ಗಾಯ ಆಗಿಲ್ಲ. ಈಗಿಂದ ನೋಡ್ಕೊಂಡ್ರೆ ಏನೂ ಆಗಲ್ಲ,” ಎಂದು ನನಗೆ ಹೇಳಿ, ಡಾಕ್ಟರಮ್ಮ ಇವರತ್ತ ತಿರುಗಿದರು. “ಜಾಗ ಸರಿಯಾಗಿ ಹಿಡಿದಿದ್ದೀರಿ. ಸ್ಪಂಜು ಮಾತ್ರ ತಪ್ಪು. ಇದು ಗಟ್ಟಿಯಾಗ್ತಾ ಇದೆ. ಇನ್ನಷ್ಟು ದಿನ ಬಿಟ್ಟಿದ್ರೆ ಇದೇ ಗಾಯ ಮಾಡ್ತಿತ್ತು.”

ಹೋಯಿತು ಕೆಲಸ ಎಂದುಕೊಂಡೆ. ಕಾಲಿನ ಭಯಕ್ಕಿಂತ ಅದೇ ಹೆಚ್ಚು ಚುಚ್ಚಿತು. ನಾನೇ ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಇವರು ತಲೆ ಎತ್ತಿದರು.

“ಅದು ಗೊತ್ತಿಲ್ಲದ್ದಕ್ಕೇ ಇಲ್ಲಿಗೆ ಬಂದೆ ಮೇಡಂ. ಇವಳು ಒಂದು ಸಲ ಗುಂಡುಸೂಜಿ ತುಳಿದು, ಅದನ್ನ ಚುಚ್ಚಿಸಿಕೊಂಡೇ ಮನೆಯೆಲ್ಲ ಓಡಾಡಿದ್ಲು. ರಾತ್ರಿ ಇವಳು ಮಲಗಿದ್ದಾಗ ನಾನೇ ಕಿತ್ತು ತೆಗೆದೆ. ಇವಳಿಗೆ ಗೊತ್ತೇ ಆಗ್ಲಿಲ್ಲ. ಆವತ್ತಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಆಸ್ಪತ್ರೆ ಅಂದ್ರೆ ಮೈಮೇಲೆ ಬೀಳ್ತಾಳೆ. ಕಲಿಸಿ, ಕಲೀತೀನಿ. ಇವಳ ಕಾಲನ್ನೂ ನೋಡ್ಕೊಳ್ತೀನಿ, ಇಲ್ಲಿ ಬರೋರ ಕಾಲನ್ನೂ ನೋಡ್ಕೊಳ್ತೀನಿ. ಈ ಕೆಲಸ ನನಗೆ ಬರುತ್ತೆ.”

ನನಗೆ ಕೋಪ ಬಂತು, ಅಳುವೂ ಬಂತು. ಎಷ್ಟು ಕಾಲದಿಂದ ಒಬ್ಬರೇ ಹೊತ್ತುಕೊಂಡು ತಿರುಗಿದ್ದಾರೆ ಈ ಮನುಷ್ಯ, ನಾನು ಬೈಯುತ್ತೇನೆ ಎಂದು!

ಡಾಕ್ಟರಮ್ಮ, “ಸೋಮವಾರದಿಂದ ಬನ್ನಿ,” ಎಂದರು. ಆಮೇಲೆ ನಮ್ಮ ಪತ್ರವನ್ನು ಕೈಗೆತ್ತಿಕೊಂಡು ಕೊನೆಯ ಸಾಲುಗಳ ಮೇಲೆ ಕಣ್ಣಾಡಿಸಿದರು. “ಎಲ್ಲಾ ಚೆನ್ನಾಗಿ ಬರೆದಿದ್ದೀರಿ. ಈ ಮಾತು ಯಾಕೆ ಬರೀಲಿಲ್ಲ? ಬಸ್ಸಿದೆ ಅಂತ ಬರೆದಿದ್ದೀರಲ್ಲ?”

“ಬರೆದೋಳು ನಾನು ಮೇಡಂ,” ಎಂದೆ ಕಣ್ಣೊರೆಸಿಕೊಳ್ಳುತ್ತಾ. “ಇವರು ನನಗೇ ಹೇಳಿರಲಿಲ್ಲ.”