ಡ್ರೈವರ್ ಸೀಟಿನಿಂದ ಕಾಣದ ಮಗು

ಎಂಟು ವರ್ಷದ ಹುಡುಗಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಲು ಎಷ್ಟು ಹೊತ್ತು ಬೇಕೆಂದು ಯಾರಾದರೂ ಕೇಳಿದರೆ ಆರು ನಿಮಿಷ ಎಂದು ನಾನು ತಡವರಿಸದೆ ಹೇಳಬಲ್ಲೆ. ಹುಡುಗಿ ಇನ್ನೂ ನಿದ್ದೆಗಣ್ಣಿನಲ್ಲಿದ್ದರೆ ನಾಲ್ಕೇ ಸಾಕು, ಆಗ ತಲೆ ಅಲ್ಲಾಡುವುದಿಲ್ಲ. ನನ್ನ ತವರು ಉಡುಪಿಯ ಹತ್ತಿರ. ಅಲ್ಲಿ ‘ಈಗ ಬಂದೆ’ ಎಂದು ಹೋದವರು ಊಟದ ಹೊತ್ತಿಗೆ ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಮುಂಬಯಿಯ ಭಾಂಡುಪಿನ ಈ ಬಿಲ್ಡಿಂಗಿನಲ್ಲಿ ಹದಿನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ, ಕಾಲವೆಂಬ ಅಖಂಡವಾದ ವಸ್ತುವನ್ನು ಬೆಂಡೆಕಾಯಿಯಂತೆ ಸಣ್ಣಗೆ ಹೆಚ್ಚುವುದನ್ನು ನಾನೂ ಕಲಿತಿದ್ದೇನೆ. ಕುಕ್ಕರಿಗೆ ಇಷ್ಟು, ಡಬ್ಬಿಗೆ ಇಷ್ಟು, ಜಡೆಗೆ ಇಷ್ಟು, ಸ್ಟೇಷನ್ನಿನ ಮೆಟ್ಟಿಲಿಗೆ ಇಷ್ಟು. ಇಲ್ಲಿ ನಿಮಿಷ ಉಳಿಸಿದವರೇ ಜಾಣರು, ಮತ್ತು ನಾನು ಜಾಣೆಯೆಂಬ ನಂಬಿಕೆ ನನಗೆ ಬಹಳ ದಿನ ಇತ್ತು.

ಆ ನಂಬಿಕೆ ಹೇಗೆ ಹೋಯಿತೆಂಬುದನ್ನು ನಿಮಗೆ ಹೇಳಬೇಕು.

ನಮ್ಮ ಮಗಳು ಸಾನ್ವಿಯ ಶಾಲೆಯ ಬಸ್ಸು ಮೊದಲು ನಿಲ್ಲುತ್ತಿದ್ದುದು ಮುಚ್ಚಿಹೋದ ಒಂದು ಕಾರ್ಖಾನೆಯ ಗೋಡೆಯ ಪಕ್ಕದ ಗಲ್ಲಿಯಲ್ಲಿ. ನಮ್ಮ ಗೇಟಿನಿಂದ ಅಲ್ಲಿಗೆ ನಾಲ್ಕು ನಿಮಿಷದ ನಡಿಗೆ. ಹೋಗಲು ನಾಲ್ಕು, ಬರಲು ನಾಲ್ಕು. ಫೋರ್ಟ್‌ನಲ್ಲಿರುವ ನನ್ನ ಆಫೀಸಿಗೆ ಏಳು ನಲವತ್ತೆರಡರ ಲೋಕಲ್ ಹಿಡಿಯಬೇಕಾದ ನನಗೆ ಈ ಎಂಟು ನಿಮಿಷಗಳು ಕಣ್ಣಿಗೆ ಬಿದ್ದ ಧೂಳಿನಂತೆ ಒತ್ತುತ್ತಿದ್ದವು. ಬಸ್ಸು ನಮ್ಮ ಗೇಟಿನ ಮುಂದೆಯೇ ನಿಂತರೆ ಏನು ಕಳೆದುಹೋಗುತ್ತದೆ ಎಂದು ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಕೇಳಿದವಳು ನಾನೇ. ಅಕ್ಕಪಕ್ಕದ ಬಿಲ್ಡಿಂಗಿನವರಿಗೂ ತಮ್ಮ ತಮ್ಮ ಗೇಟಿನ ಮೇಲೆ ಆಸೆಯಾಯಿತು. ಗ್ರಾಹಕರ ದೂರುಗಳಿಗೆ ಉತ್ತರ ಬರೆಯುವುದೇ ನನ್ನ ಉದ್ಯೋಗವಾದ್ದರಿಂದ ಅರ್ಜಿ ಬರೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಸಹಿ ಹಾಕಿಸಿದೆ, ಶಾಲೆಗೆ ಕೊಟ್ಟೆ, ಗೆದ್ದೆ. ಒಂದು ಗಲ್ಲಿಯಲ್ಲಿ ನಿಲ್ಲುತ್ತಿದ್ದ ಬಸ್ಸು ಮುಖ್ಯರಸ್ತೆಯ ಮೇಲೆ ಏಳು ಕಡೆ ನಿಲ್ಲತೊಡಗಿತು. ಜನ ನನ್ನನ್ನು ಲೀಡರ್ ಎಂದು ಕರೆದರು. ನಾನು ಬೇಡವೆನ್ನಲಿಲ್ಲ.

ಗುಂಪಿನಲ್ಲಿ ಒಬ್ಬರೇ ಇದಕ್ಕೆ ಒಪ್ಪಿರಲಿಲ್ಲವಂತೆ. ವಿಜಯಪುರದ ಕಡೆಯ ಭೀಮಣ್ಣ. ಕಾಂಕ್ರೀಟ್ ಸಾಗಿಸುವ ದೊಡ್ಡ ಲಾರಿ ಓಡಿಸುವವರು. ಅವರ ಮಗಳು ರೇಣುಕಾ ಸಾನ್ವಿಯ ತರಗತಿಯಲ್ಲೇ ಇದ್ದಾಳೆ. ಟೈಪ್ ಮಾಡುವುದು ಅವರಿಗೆ ಒಗ್ಗದು, ಹೇಳುವುದನ್ನೆಲ್ಲ ಧ್ವನಿಯಲ್ಲೇ ಕಳಿಸುತ್ತಾರೆ. ಆ ದಿನವೂ ಎರಡೂವರೆ ನಿಮಿಷದ ಒಂದು ಸಂದೇಶ ಕಳಿಸಿದ್ದರು. ಎರಡೂವರೆ ನಿಮಿಷ ಯಾರು ಕೇಳುತ್ತಾರೆ ಎಂದುಕೊಂಡು ನಾನು ಮೇಲಕ್ಕೆ ಸರಿಸಿಬಿಟ್ಟಿದ್ದೆ.

ಬೆಳಿಗ್ಗೆ ಬಸ್ಸು ನಮ್ಮ ಗೇಟಿನ ಬದಿಗೇ ಬರುತ್ತಿತ್ತು. ಆದರೆ ಮಧ್ಯಾಹ್ನ ಮರಳುವಾಗ ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಿತ್ತು; ಮಕ್ಕಳು ಇಳಿದು ಬಸ್ಸಿನ ಮುಂದಿನಿಂದ ಈಚೆಗೆ ದಾಟಬೇಕಿತ್ತು. ದಾಟಿಸುವುದು ಬಸ್ಸಿನ ಸಹಾಯಕಿ ಸುಮನ್ ಮಾವಶಿಯ ಕೆಲಸ. ಮಾವಶಿ ಎಂದರೆ ಚಿಕ್ಕಮ್ಮ. ಮುಂಬಯಿಯ ಶಾಲೆಯ ಬಸ್ಸುಗಳಲ್ಲಿ ಮಕ್ಕಳು ಈ ಹೆಂಗಸರನ್ನು ಹಾಗೆಯೇ ಕರೆಯುತ್ತಾರೆ. ಐವತ್ತು ದಾಟಿದ, ಮೂಳೆ ಚಕ್ಕಳದಂಥ ಹೆಂಗಸು. ಸೋಲಾಪುರದ ಕಡೆಯವರಾದ್ದರಿಂದ ಅವರ ಮರಾಠಿಯ ಸಂದಿಯಿಂದ ಆಗಾಗ ಕನ್ನಡ ಇಣುಕುತ್ತಿತ್ತು.

ಜುಲೈ ತಿಂಗಳ ಒಂದು ಬುಧವಾರ. ವಾರದಲ್ಲಿ ಆ ಒಂದು ದಿನ ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತೇನೆ; ಹಾಗಾಗಿ ಅತ್ತೆಯ ಬದಲು ನಾನೇ ಕೊಡೆ ಹಿಡಿದು ಈಚೆ ಬದಿಯಲ್ಲಿ ನಿಂತಿದ್ದೆ. ಮಳೆ ಸಣ್ಣಗೆ ಹನಿಯುತ್ತಿತ್ತು. ಬಸ್ಸು ಬಂತು. ಮಾವಶಿ ಇಬ್ಬರು ಚಿಕ್ಕವರ ಕೈ ಹಿಡಿದು ದಾಟಿಸಿದರು, ಸಾನ್ವಿ ಹಿಂದೆಯೇ ಬರುತ್ತಿದ್ದಳು. ಅಷ್ಟರಲ್ಲಿ ಅವಳ ನೀರಿನ ಬಾಟಲಿ ಜಾರಿ ಬಸ್ಸಿನ ಮುಂದೆ ಉರುಳಿತು. ಅವಳು ಬಗ್ಗಿದಳು. ಮಾವಶಿ ತಿರುಗಿ ನೋಡಿದರು, ಓಡಿದರು, ಮತ್ತು ನನ್ನ ಕಣ್ಣೆದುರೇ ನನ್ನ ಮಗಳನ್ನು ಎರಡೂ ಕೈಯಿಂದ ತಳ್ಳಿದರು. ಹುಡುಗಿ ಮಂಡಿಯೂರಿ ರಸ್ತೆಗೆ ಬಿದ್ದಳು. ಬಸ್ಸಿನ ಪಕ್ಕದಿಂದ ನುಗ್ಗಿ ಬಂದ ಒಂದು ಬೈಕ್ ಮಾವಶಿಗೆ ತಗುಲಿ ಅವರೂ ಬಿದ್ದರು.

ನಾನು ಕಂಡದ್ದು ಇಷ್ಟು; ಬಸ್ಸಿನ ಕಡೆಗೆ ನನ್ನ ಗಮನವೇ ಇರಲಿಲ್ಲ. ಮಗಳ ಮಂಡಿಯಿಂದ ರಕ್ತ ಸೋರುತ್ತಿತ್ತು. ಮಾವಶಿಯ ಕೈಯ ಸುತ್ತ ಜನ ಸೇರಿದ್ದರು, ಅತ್ತ ನಾನು ನೋಡಲೇ ಇಲ್ಲ. ಮನೆಯಲ್ಲಿ ಗಾಯ ತೊಳೆಯುತ್ತ ಏನಾಯಿತೆಂದು ಕೇಳಿದಾಗ ಸಾನ್ವಿ ಬಿಕ್ಕುತ್ತ, “ಮಾವಶಿ ಧಕ್ಕಾ ಕೊಟ್ಟಳು” ಎಂದಳು. ಅಲ್ಲಿಗೆ ನನ್ನ ವಿಚಾರಣೆ ಮುಗಿಯಿತು. ಸಂಜೆಯೊಳಗೆ ದೂರು ಸಿದ್ಧವಾಯಿತು. ನನ್ನ ಇಂಗ್ಲಿಷು ಹಿಂದೆಂದೂ ಅಷ್ಟು ಚೆನ್ನಾಗಿ ಹರಿದದ್ದು ನನಗೆ ನೆನಪಿಲ್ಲ: ಸಹಾಯಕಿಯ ಅಜಾಗರೂಕತೆ, ಒರಟುತನ, ಮಗುವಿನ ಮೇಲೆ ಕೈ ಮಾಡಿದ್ದು. ಹತ್ತೊಂಬತ್ತು ಮನೆಯವರು ಒಪ್ಪಿಗೆ ಸೂಚಿಸಿದರು. ಎರಡು ದಿನದಲ್ಲಿ ಮಾವಶಿಯನ್ನು ಕೆಲಸದಿಂದ ನಿಲ್ಲಿಸಿದ ಸುದ್ದಿ ಬಂತು. ಅವರ ಬಲಗೈಯ ಮೂಳೆ ಮುರಿದಿದೆ ಎಂಬ ಸುದ್ದಿಯೂ ಅದರ ಜತೆಗೇ ಬಂತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ.

ಶನಿವಾರ ಭೀಮಣ್ಣ ನಮ್ಮ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬಾರದೆ ಬಾಗಿಲಲ್ಲೇ ನಿಂತರು. ಬುಧವಾರ ಮಧ್ಯಾಹ್ನ ಬಸ್ಸಿನ ಹಿಂದೆ ಅವರ ಲಾರಿಯಾಗಲಿ ಅವರಾಗಲಿ ಇರಲಿಲ್ಲ. ಅವರು ಏನನ್ನೂ ಕಣ್ಣಾರೆ ಕಂಡಿರಲಿಲ್ಲ. ಹಾಗೆಂದು ಅವರೇ ಮೊದಲು ಹೇಳಿದರು. ಆಮೇಲೆ ಒಂದೊಂದೇ ಮಾತನ್ನು ತೂಗಿ ಇಡುವವರಂತೆ ಹೇಳಿದರು.

“ಅಕ್ಕಾರ, ದೂರು ಹಿಂದಕ್ಕ ತೊಗೊಳ್ರಿ ಅಂತ ನಾ ಹೇಳಂಗಿಲ್ಲ. ನಾಳೆ ಒಂದ್ಸಲ ಬಂದು ಬಸ್ಸಿನ ಡ್ರೈವರ್ ಸೀಟಿನ ಮ್ಯಾಲ ಕೂತು ನೋಡ್ರಿ. ಆಮ್ಯಾಲ ನಿಮಗ ಹೆಂಗ ಅನಸ್ತದೋ ಹಂಗ ಮಾಡ್ರಿ.”

ಹೋಗಬಾರದೆಂದೇ ಇದ್ದೆ. ದೊಡ್ಡ ಲಾರಿಯ ಚಾಲಕರೊಬ್ಬರು ನನಗೆ ಪಾಠ ಹೇಳಬೇಕೆ ಎಂಬ ಸಣ್ಣತನವೂ ಒಳಗೆ ಇತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಮುಲುಂಡಿನ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ಅಂದು ರಾತ್ರಿ ಊಟಕ್ಕೆ ಕೂತಾಗ, ಕೂತು ನೋಡುವುದರಲ್ಲಿ ಏನಿದೆ, ಹೋಗಿ ಬಾ ಎಂದರು. ಹೋದೆ.

ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಗೋಡೆಯ ಪಕ್ಕ ಬಸ್ಸು ಖಾಲಿಯಾಗಿ ನಿಂತಿತ್ತು. ಭೀಮಣ್ಣ ಅದರ ಚಾಲಕನನ್ನೂ ಒಪ್ಪಿಸಿ ಕರೆತಂದಿದ್ದರು. ಪಾಲಕರು ಎಂಟೊಂಬತ್ತು ಜನ ಬಂದಿದ್ದರು; ನನ್ನ ಜತೆ ಗಂಡ, ಸಾನ್ವಿ ಇಬ್ಬರೂ ಇದ್ದರು. ನಾನು ಮೊದಲು ಹತ್ತಿದೆ. ಆ ಸೀಟು ಅಷ್ಟು ಎತ್ತರದಲ್ಲಿರುತ್ತದೆಂದು ನನಗೆ ತಿಳಿದಿರಲಿಲ್ಲ. ಅಲ್ಲಿ ಕೂತರೆ ಒಂದು ಬಗೆಯ ಗತ್ತು ತಾನಾಗಿ ಬರುತ್ತದೆ. ಗಲ್ಲಿಯ ತುದಿಯ ಅಂಗಡಿ, ಗೋಡೆಯ ಮೇಲಿನ ಹಳೆಯ ಜಾಹೀರಾತು, ಆಚೆ ಬೆಟ್ಟದ ಮೇಲೆ ಒಂದರ ಮೇಲೊಂದು ಏರಿದ ಸಾಲುಮನೆಯ ಚಾಳುಗಳು, ಎಲ್ಲವೂ ಸ್ಪಷ್ಟವಾಗಿ ಕಂಡವು. ಎಲ್ಲ ಕಾಣುತ್ತದೆ ಎಂದು ನಾನು ಮೇಲಿನಿಂದ ಹೇಳಿದೆ.

“ಸಾನ್ವಿ ಕಾಣ್ತಾಳೇನ್ರಿ?” ಎಂದು ಭೀಮಣ್ಣ ಕೇಳಿದರು.

ಅವಳು ಅಪ್ಪನ ಜತೆ ಗೋಡೆಯ ಹತ್ತಿರ ಇರಬೇಕೆಂದು ಅತ್ತ ನೋಡಿದೆ. ಅಪ್ಪ ಮಾತ್ರ ಇದ್ದರು. ಕನ್ನಡಿಗಳಲ್ಲಿ ನೋಡಿದೆ. ಇಲ್ಲ. ಸಾನ್ವಿ ಎಂದು ಕೂಗಿದೆ.

“ಮಮ್ಮಾ, ಸಾಮ್ನೇನೇ ಇದೀನಿ, ನಿನ್ನ ಮುಂದೇನೇ” ಎಂಬ ದನಿ ಗಾಜಿನ ಕೆಳಗಿನಿಂದ ಬಂತು.

ಸೀಟಿನಿಂದ ಎದ್ದು, ಗಾಜಿಗೆ ಹಣೆ ತಾಗಿಸಿ ಕೆಳಗೆ ನೋಡಿದಾಗ ನಾನೇ ಭಾನುವಾರವೆಂದು ಸಡಿಲವಾಗಿ ಹೆಣೆದ ಅವಳ ಎರಡು ಜಡೆಗಳ ನಡುವಿನ ಬೈತಲೆ ಕಂಡಿತು. ಅವಳು ಬಗ್ಗಿರಲಿಲ್ಲ, ನೆಟ್ಟಗೆ ನಿಂತಿದ್ದಳು. ನೆಟ್ಟಗೆ ನಿಂತ ಮಗುವೂ ಅಲ್ಲಿಂದ ಕಾಣುವುದಿಲ್ಲ.

ಇಳಿದು ಬಂದೆ. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅಂದು ಬಾಟಲಿ ಹೆಕ್ಕುವಾಗ ಬಸ್ಸು ನಿಂತೇ ಇತ್ತಾ ಎಂದು ಕೇಳಿದೆ.

“ಇಲ್ಲ. ಚಾಲೂ ಆಗಿ ನನ್ನ ಹತ್ರ ಬರ್ತಾ ಇತ್ತು, ಅದಕ್ಕೇ ಮಾವಶಿ ಧಕ್ಕಾ ಕೊಟ್ಟಳು” ಎಂದಳು. ಆಮೇಲೆ ಸ್ವಲ್ಪ ತಡೆದು, “ನೀನು ಅದನ್ನ ಕೇಳಲೇ ಇಲ್ಲ ಮಮ್ಮಾ” ಎಂದಳು.

ಮಕ್ಕಳು ಸುಳ್ಳು ಹೇಳುವುದಿಲ್ಲ ಎನ್ನುತ್ತೇವೆ, ನಿಜ. ಆದರೆ ಅವರು ಕೇಳಿದಷ್ಟೇ ಹೇಳುತ್ತಾರೆ. ದೂರುಗಳನ್ನು ಓದುವುದೇ ಕಸುಬಾದವಳಿಗೆ, ಒಂದು ದೂರಿನ ಆಚೆ ಬದಿಯಲ್ಲಿ ಏನಿರಬಹುದು ಎಂದು ಕೇಳುವ ಬುದ್ಧಿ ಸ್ವಂತ ಮಗಳ ವಿಷಯಕ್ಕೆ ಬಂದಾಗ ಎಲ್ಲಿ ಹೋಯಿತು? ಪ್ರೀತಿ ಮನುಷ್ಯರನ್ನು ಎತ್ತರಕ್ಕೆ ಏರಿಸುತ್ತದೆ ಎನ್ನುವುದುಂಟು. ಇರಬಹುದು. ಆದರೆ ಆ ಎತ್ತರದಲ್ಲಿ ಕೂತವರಿಗೆ ದೂರದ್ದೆಲ್ಲ ಕಂಡು, ತೀರ ಮುಂದಿರುವುದು ಕಾಣದೆ ಹೋಗುವುದೂ ಉಂಟೆಂದು ನನಗೆ ಆ ಬೆಳಗ್ಗೆ ಅನ್ನಿಸಿತು.

ಉಳಿದವರೆಲ್ಲ ಒಬ್ಬೊಬ್ಬರಾಗಿ ಹತ್ತಿ ಇಳಿದರು. ಮನೆಗೆ ಬಂದು ಫೋನಿನಲ್ಲಿ ಹುಡುಕಿ ಹುಡುಕಿ ಭೀಮಣ್ಣನ ಆ ಹಳೆಯ ಧ್ವನಿಸಂದೇಶವನ್ನು ಕೇಳಿದೆ. ಗೇಟಿನ ಮುಂದೆ ಬೇಡ, ಬರುವಾಗ ಮಕ್ಕಳು ಬಸ್ಸಿನ ಮುಂದಿನಿಂದ ದಾಟಬೇಕಾಗುತ್ತದೆ, ನಮ್ಮಂಥ ಚಾಲಕರಿಗೆ ಅದು ಕಾಣುವುದಿಲ್ಲ ಎಂದು ಬಹಳ ವಿನಯದಿಂದ, ಹಿನ್ನೆಲೆಯಲ್ಲಿ ಲಾರಿಯ ಎಂಜಿನ್ ಗುಡುಗುತ್ತಿರುವಾಗ ಹೇಳಿದ್ದರು. ಕೊನೆಗೆ, ತಪ್ಪು ಹೇಳಿದ್ದರೆ ಮನ್ನಿಸಿ ಎಂದೂ ಹೇಳಿದ್ದರು.

ಮಾರನೆಯ ವಾರ ನಾನು ಎರಡು ಕಾಗದ ಬರೆದೆ. ಒಂದು ದೂರನ್ನು ಹಿಂದಕ್ಕೆ ಪಡೆದು, ನಡೆದದ್ದೇನೆಂದು ತಿಳಿಸಿ, ಮಾವಶಿಯನ್ನು ಮತ್ತೆ ಕರೆಯಬೇಕೆಂದು ಕೇಳಿದ್ದು. ಇನ್ನೊಂದು ಏಳು ಗೇಟುಗಳನ್ನು ಬಿಟ್ಟು ಬಸ್ಸು ಗಲ್ಲಿಯೊಳಗೆ ತಿರುಗಿ ನಿಲ್ಲಬೇಕೆಂದು ಕೇಳಿದ್ದು. ಈ ಸಲ ಗುಂಪನ್ನು ನಡೆಸಿದವರು ಭೀಮಣ್ಣ. ನಾನು ಅವರು ಹೇಳಿದ್ದನ್ನು ಬರೆದೆ, ಅಷ್ಟೆ. ಸುಲಭವೇನೂ ಆಗಲಿಲ್ಲ. ಮಳೆಯಲ್ಲಿ ಅಷ್ಟು ದೂರ ನಡೆಸುವುದೇ ಎಂದು ಮೂವರು ಬೇಸರಿಸಿದರು, ಒಂದು ಮನೆಯವರು ಗುಂಪನ್ನೇ ಬಿಟ್ಟರು. ಭೀಮಣ್ಣ ಯಾರೊಂದಿಗೂ ವಾದಕ್ಕೆ ಇಳಿಯಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಅವರವರ ಮನೆಗೆ ಹೋಗಿ, ನಡೆಯಲಾಗದ ಅಜ್ಜ ಅಜ್ಜಿಯರಿರುವ ಮನೆಯ ಮಕ್ಕಳನ್ನು ಯಾರು ಜತೆಗೆ ಕರೆದೊಯ್ಯಬಹುದೆಂದು ಗೊತ್ತು ಮಾಡಿ ಬಂದರು. ದಿನಕ್ಕೆ ಇಬ್ಬರು ಪಾಲಕರು ಸರದಿಯ ಮೇಲೆ ನಿಲ್ಲುವುದೆಂದಾಯಿತು. ಬಸ್ಸಿನ ಮುಂದೆ, ಚಾಲಕನಿಗೆ ಕಾಣುವಷ್ಟು ದೂರದಲ್ಲಿ ನಿಂತವರು ಕೈ ಎತ್ತದೆ ಬಸ್ಸು ಹೊರಡಕೂಡದು ಎಂಬುದೂ ಅವರದೇ ಸೂಚನೆ. ಶಾಲೆಯವರು ಎರಡಕ್ಕೂ ಒಪ್ಪಿದರು.

ಮಾವಶಿಯ ಮನೆಗೆ ನಾನು ಒಬ್ಬಳೇ ಹೋದೆ. ಗುಡ್ಡದ ಮೇಲಿನ ಚಾಳಿನಲ್ಲಿ ಒಂದೇ ಕೋಣೆ. ಬಲಗೈ ಪ್ಲಾಸ್ಟರಿನಲ್ಲಿತ್ತು, ಎಡಗೈಯಿಂದಲೇ ಅಕ್ಕಿ ಆರಿಸುತ್ತಿದ್ದರು. ದೂರು ಬರೆದವಳು ನಾನೇ ಎಂದು ಹೇಳಿದೆ. ಗೊತ್ತು ಎಂದರು. ಹಾಗಾದರೆ ಅಂದೇ ನಮ್ಮ ಮನೆಗೆ ಬಂದು ನಿಜ ಹೇಳಬಾರದಿತ್ತೇ ಎಂದು ಕೇಳಿದೆ. ಕೇಳಿದ ಮೇಲೆ ಆ ಪ್ರಶ್ನೆಯಲ್ಲೂ ತಪ್ಪನ್ನು ಅವರ ಮೇಲೇ ಹೊರಿಸುತ್ತಿದ್ದೇನೆಂದು ನಾಚಿಕೆಯಾಯಿತು.

ಅವರು ಅಕ್ಕಿಯ ಮೇಲಿಂದ ಕಣ್ಣೆತ್ತದೆ ಹೇಳಿದರು: “ತಾಯಿ ಕಣ್ಣಾಗ ನೀರ ಇದ್ದಾಗ ಯಾರ ಮಾತು ಕೇಳಸ್ತದ ಅಕ್ಕಾ? ಪೋರಿ ಉಳೀತಲ್ಲ, ಅಷ್ಟ ಸಾಕ.”

ಕ್ಷಮಿಸಿ ಎಂದು ನಾನು ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಬರೆಯುವ ಆ ಪದ ನನ್ನ ಭಾಷೆಯಲ್ಲಿ ಬಹಳ ಭಾರವಾಗಿತ್ತು. ಮಾವಶಿ ಮೊರವನ್ನು ನನ್ನ ಕಡೆಗೆ ಸರಿಸಿದರು. ಇಬ್ಬರೂ ಕೂತು ಅಕ್ಕಿ ಆರಿಸಿದೆವು.

ಗಣೇಶ ಹಬ್ಬ ಕಳೆದ ಮೇಲಿನ ಸೋಮವಾರ ಮಾವಶಿ ಕೆಲಸಕ್ಕೆ ಮರಳಿದರು. ಅಂದಿನ ಸರದಿ ನನ್ನದು. ಬೇಕೆಂದೇ ಕೇಳಿ ಪಡೆದದ್ದು. ಆ ವೇಳೆಗೆ ನಾನು ಎಂಟು ಗಂಟೆಯ ನಂತರದ ಲೋಕಲಿಗೆ ಹೊಂದಿಕೊಂಡಿದ್ದೆ, ಆಫೀಸೂ ಹೊಂದಿಕೊಂಡಿತ್ತು. ಮಕ್ಕಳೆಲ್ಲ ಮಾವಶಿಗೆ ಅಂಟಿಕೊಂಡು ಕೈಗೆ ಏನಾಗಿತ್ತೆಂದು ಮೂರು ಭಾಷೆಗಳಲ್ಲಿ ಕೇಳಿದರು. ಅವರು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ ಹತ್ತಿಸಿದರು. ಆಮೇಲೆ ಬಾಗಿಲಲ್ಲಿ ನಿಂತು, ಹಳೆಯ ಅಭ್ಯಾಸದಂತೆ ಚಾಲಕನಿಗೆ ಸನ್ನೆ ಮಾಡಲೆಂದು ಬಲಗೈಯನ್ನು ಭುಜದವರೆಗೆ ಎತ್ತಲು ನೋಡಿ, ಆಗದೆ ಇಳಿಸಿ, ನನ್ನತ್ತ ತಿರುಗಿದರು.

“ಇವತ್ತ ನೀವ ಕೈ ಮಾಡ್ರಿ.”

ನಾನು ಬಸ್ಸಿನ ಮುಂದೆ ಹೋದೆ. ಬಗ್ಗಿ ಚಕ್ರಗಳ ನಡುವೆ ನೋಡಿದೆ, ಎರಡೂ ಬದಿಗೆ ನೋಡಿದೆ, ಯಾರೂ ಇರಲಿಲ್ಲ. ಚಾಲಕನ ಕಣ್ಣು ನನಗೆ ಕಾಣುವವರೆಗೆ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಗೋಡೆಯ ಬದಿಗೆ ನಿಂತೆ. ಎತ್ತರದ ಸೀಟಿನಲ್ಲಿ ಅವನು ಸ್ಟೀರಿಂಗ್ ಹಿಡಿದು ನನ್ನನ್ನೇ ನೋಡುತ್ತ ಕಾಯುತ್ತಿದ್ದ. ಮತ್ತೊಮ್ಮೆ ನೋಡಿದೆ. ಆಮೇಲೆ ಕೈ ಎತ್ತಿದೆ.