ಮಳೆಯ ದಿನದ ಪ್ರಯೋಗ

ಗಾಜಿನ ಕಡ್ಡಿ ಒಣಗಿದೆಯೇ ಎಂದು ಅವರು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಬಿಳಿ ಕುರುಚಲು ಗಡ್ಡದ ಕೆನ್ನೆ. ಕಣ್ಣು ಮುಚ್ಚಿಕೊಳ್ಳುತ್ತಿದ್ದರು ಬೇರೆ. ಹಲಸೂರಿನ ನಮ್ಮ ಖಾಸಗಿ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರ್ ಅವರು, ಎಲ್ಲರಿಗೂ ಅಣ್ಣ. ಓದಿದ್ದು ಏಳನೇ ತರಗತಿ. ಎಂಎಸ್ಸಿ ಮುಗಿಸಿ ಬಂದಿದ್ದ ನನಗೆ ಆ ಕಡ್ಡಿಯ ಬಗ್ಗೆ ಅವರಷ್ಟು ಗೊತ್ತಿರಲಿಲ್ಲ.

ನಾನಾಗ ತಾತ್ಕಾಲಿಕ ಉಪನ್ಯಾಸಕಿ. ಪ್ರಾಂಶುಪಾಲರು ತರಗತಿಯಲ್ಲಿ ಕೂತು ಪಾಠ ನೋಡಿ ಮೆಚ್ಚಿದರಷ್ಟೇ ಕೆಲಸ ಕಾಯಂ. ಪಾಠ, ವಿದ್ಯುದಾವೇಶಗಳ ನಡುವಿನ ಬಲ. ಹೊರಗೆ ಬೆಳಗಿನಿಂದ ಜಡಿಮಳೆ. ಮೊದಲೇ ಒಮ್ಮೆ ಮಾಡಿ ನೋಡೋಣವೆಂದು ಎರಡು ಬೆಂಡಿನ ಉಂಡೆಗಳನ್ನು ತೂಗುಹಾಕಿ, ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿ ಉಜ್ಜಿ ಹತ್ತಿರ ಹಿಡಿದೆ. ಜಪ್ಪಯ್ಯ ಅಂದರೂ ಉಂಡೆಗಳು ಅಲುಗಲಿಲ್ಲ. ನನಗೆ ಅಳುವೇ ಬಂತು.

ಅಣ್ಣ ದಾರ ಮುಟ್ಟಿ ನೋಡಿದರು. "ಇದೆಲ್ಲಿ ಸಿಕ್ತು ಮೇಡಂ?"

"ಮುಡ್ಕೊಂಡಿದ್ದ ಮಲ್ಲಿಗೆಯಿಂದ ಬಿಚ್ಚಿದೆ. ಬೇರೆ ದಾರ ಕಾಣ್ಲಿಲ್ಲ."

"ಹೂವಿನವ್ರು ದಾರ ನೆನೆಸಿ ಕಟ್ತಾರಲ್ಲ ಮೇಡಂ. ಚಾರ್ಜೆಲ್ಲ ಅದನ್ನ ಹಿಡ್ಕೊಂಡು ಹೋಗ್ಬಿಡುತ್ತೆ. ಮಳೆಗೆ ಕಡ್ಡೀನೂ ತೇವ ಹಿಡ್ದಿದೆ."

ಗದರಲಿಲ್ಲ, ನಗಲಿಲ್ಲ. ಹಳೆಯ ಸೀರೆಯೊಂದರ ತುಂಡಿನಿಂದ ರೇಷ್ಮೆ ಎಳೆ ಹಿರಿದು ಉಂಡೆಗಳನ್ನು ಮತ್ತೆ ಕಟ್ಟಿದರು. ಕಡ್ಡಿಯನ್ನೂ ಬಟ್ಟೆಯನ್ನೂ ಬಲ್ಬಿನ ಬಿಸಿಗೆ ಹಿಡಿದರು. ಆಮೇಲೆ ಕೆನ್ನೆಯ ಪರೀಕ್ಷೆ. "ಈಗ ಉಜ್ಜಿ. ಹತ್ರ ಬರ್ತವೆ, ಮುಟ್ಟಿದ ತಕ್ಷಣ ಮುನಿಸ್ಕೊಂಡು ದೂರ ಹೋಗ್ತವೆ."

ತರಗತಿಯಲ್ಲಿ ಹಾಗೇ ಆಯಿತು. ಉಂಡೆಗಳು ಕಡ್ಡಿಯತ್ತ ಬಂದು ತಾಗಿ, ಅದರದೇ ಆವೇಶ ಪಡೆದು ಕಡ್ಡಿಯಿಂದಲೂ ಒಂದರಿಂದೊಂದೂ ಸಿಡಿದು ನಿಂತವು. ಸಜಾತಿ ಆವೇಶಗಳು ವಿಕರ್ಷಿಸುತ್ತವೆ, ಅಂತರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ನಾನು ಜೋರಾಗಿಯೇ ಹೇಳಿದೆ.

"ಈ ಮಳೇಲಿ ಹೇಗ್ರೀ ಮಾಡಿದ್ರಿ?" ಎಂದರು ಪ್ರಾಂಶುಪಾಲರು.

ಅಣ್ಣ ಬಾಗಿಲಲ್ಲೇ ನಿಂತಿದ್ದರು. "ಪ್ರಾಕ್ಟೀಸ್ ಸರ್" ಎಂದುಬಿಟ್ಟೆ. ಕೆಲಸ ಕಾಯಂ ಆಯಿತು. ಸಂಜೆ ಅಣ್ಣನಿಗೆ ತಪ್ಪಾಯಿತೆಂದು ಹೇಳಲು ಹೋದರೆ, "ಬಿಡಿ ಮೇಡಂ, ಪಾಠ ಮಾಡಿದ್ದು ನೀವು ತಾನೇ" ಎಂದು ಟೀ ತರಲು ಹೊರಟರು. ಅವರು ನಿವೃತ್ತಿಯಾಗುವವರೆಗೂ ಮಳೆ ಬಂದ ದಿನ ನನ್ನ ಮೇಜಿನ ಮೇಲೆ ಬೆಚ್ಚಗಿನ ಕಡ್ಡಿ ಸಿದ್ಧವಿರುತ್ತಿತ್ತು. ಪ್ರಾಂಶುಪಾಲರಿಗೆ ನಿಜ ಹೇಳುವ ಧೈರ್ಯ ಮಾತ್ರ ನನಗೆ ಬರಲೇ ಇಲ್ಲ.

ಕಳೆದ ವರ್ಷ ಅಣ್ಣ ತೀರಿಕೊಂಡಾಗ ಬೈಯಪ್ಪನಹಳ್ಳಿಯ ಮನೆಗೆ ಹೋದೆ. ಮಗಳ ಕೈ ಹಿಡಿದು, ನಾನಿವತ್ತು ಪಾಠ ಮಾಡುತ್ತಿರುವುದು ನಿಮ್ಮ ತಂದೆಯಿಂದ ಎಂದು ನಡೆದದ್ದೆಲ್ಲ ಹೇಳಿದೆ.

ಆಕೆ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. "ಹೌದಾ ಮೇಡಂ? ಅಪ್ಪ ನಮ್ಗೆ ಹಾಗೆ ಹೇಳೇ ಇಲ್ಲ. ಅಂಥಾ ಮಳೇಲೂ ನಮ್ ಮೇಡಂ ಒಬ್ರೇ ಮಾಡಿ ತೋರ್ಸಿದ್ರು ಅಂತಿದ್ರು."