ಗುಜರಿ ಹುಲಗಪ್ಪನ ಖಾಲಿ ಡಬ್ಬಿ

ಭಾಗ್ಯನಗರದ ಗುಜರಿ ಅಂಗಡಿಯ ಹುಲಗಪ್ಪನಿಗೆ ಮುಚ್ಚಳವಿರುವ ಯಾವ ಡಬ್ಬಿ ಕಂಡರೂ ಎದೆ ಢವಢವ. ಯಾರಾದರೂ ತಂದರೆ ಸಾಕು, "ಅಲ್ಲಾಡಿಸಬ್ಯಾಡ್ರಿ, ಅಲ್ಲೇ ಇಡ್ರಿ!" ಎಂದು ಕೂಗುತ್ತಾನೆ. ಹಳೆಯ ಕುಕ್ಕರಿಗೂ ಕಿವಿಗೊಟ್ಟು ಆಲಿಸಿಯೇ ಒಳಗೆ ಬಿಡುತ್ತಾನೆ. ಜನ ನಗುತ್ತಾರೆ. ಈ ಅಂಜಿಕೆ ಹತ್ತಿದ್ದು, ಹೊರದೇಶದ ಗುಜರಿಯ ಲೋಡಿನಲ್ಲಿ ಹದ್ದಿನ ಗುರುತಿದ್ದ ಒಂದು ತಗಡಿನ ಡಬ್ಬಿ ಬಂದಾಗ. ಫೌಜಿನಿಂದ ನಿವೃತ್ತನಾದ ಗೋವಿಂದರಾಜ ಮುಚ್ಚಳದ ಮೇಲಿನ ಅಕ್ಷರ ಓದಿ, "ಇದು ಮಹಾಯುದ್ಧದಾಗಿನ ಜರ್ಮನ್ ಡಬ್ಬಿ. ತೋಪಿನ ಗುಂಡು ಸಿಡಿಸೋ ಫ್ಯೂಜ್ ಇದರಾಗ ಇಡ್ತಿದ್ರು. ಅಂಜಬ್ಯಾಡ, ಖಾಲಿ ಐತಿ" ಎಂದ. ಸುತ್ತ ನಿಂತವರೆಲ್ಲ ನೆಮ್ಮದಿಯ ಉಸಿರು ಬಿಟ್ಟರು. ಹುಲಗಪ್ಪ ಮಾತ್ರ, "ಹಂಗಾದ್ರ ಒಳಗಿದ್ದದ್ದು ಎಲ್ಲೈತ್ರಿ?" ಎಂದ. ಪೊಲೀಸರು ಬಂದು ಆ ಲೋಡಿನ ರಾಶಿ ಕೆದಕಿ, ಏನೂ ಇಲ್ಲವೆಂದು ಹೋದರೂ ಅವನಿಗೆ ಸಮಾಧಾನವಿಲ್ಲ. ಆಳುಗಳನ್ನು ದೂರ ನಿಲ್ಲಿಸಿ, ಆ ರಾಶಿಯ ಒಂದೊಂದೇ ಚೂರನ್ನು ತಾನೊಬ್ಬನೇ ಮೆಲ್ಲಗೆ ಎತ್ತಿ ನೋಡುತ್ತಾನೆ. ಹೆಂಡತಿ ಉಡಚಮ್ಮ ಬುತ್ತಿ ತಂದರೆ, "ರಸ್ತೆ ಆಚೀಕ ಇಟ್ಟು ಹೋಗು" ಎನ್ನುತ್ತಾನೆ. ನಿನ್ನೆ ಅವಳು ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸೀದಾ ರಾಶಿಯ ಹತ್ತಿರ ಬಂದಳು. "ಬರಬ್ಯಾಡ, ಕೈ ಮುಗೀತೀನಿ" ಎಂದು ಅವನು ಗೋಗರೆದರೂ ಅವನ ಮಗ್ಗುಲಲ್ಲೇ ಕುಳಿತು ಒಂದು ಚೂರಿಗೆ ಕೈ ಹಾಕಿದಳು: "ನೀವು ಹೋದ ಮ್ಯಾಲ ನಾ ಮನ್ಯಾಗ ಕುಂತು ಏನ್ ಮಾಡ್ಲಿ? ಸರೀರಿ ಅತ್ಲಾಗ."